ಹಾಯಿದೋಣಿಯ ಗಾಯ, ನಮ್ಮ ಬಾಗಿಲು

ಇವತ್ತು ಮಣಿಪಾಲದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಬಾಗಿಲಿಗೆ ವಾರ್ನಿಶ್ ಹಚ್ಚುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕವಳಾಗಿ ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿದ್ದೆ.

ಅಪ್ಪನಿಗೆ ದುಬೈಯಲ್ಲಿ ಒಂದು ಹಳೆಯ ರೇಸಿನ ಹಾಯಿದೋಣಿಗೆ ವಾರ್ನಿಶ್ ಹಚ್ಚುವ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದರೆ ಅದರದ್ದೇ ಮಾತು. ಅದನ್ನು ಯಾವ ಮರದಿಂದ ಕಟ್ಟಿದರು, ಯಾವ ರೇಸಿನಲ್ಲಿ ಹಾಯಿಕಂಬ ಮುರಿಯಿತು, ಎಷ್ಟು ಮಂದಿ ಧಣಿಗಳು ಬದಲಾದರು, ಎಲ್ಲ ಬಾಯಿಪಾಠ. ನಾನು ಎಷ್ಟನೇ ಕ್ಲಾಸು ಎಂದು ಮಾತ್ರ ಅಮ್ಮನನ್ನು ಕೇಳುತ್ತಿದ್ದರು.

"ಅದರ ಮಗ್ಗುಲಲ್ಲಿ ಒಂದು ಗಾಯ ಉಂಟು ಮಗಾ. ರೇಸಿನಲ್ಲಿ ಬೇರೆ ದೋಣಿ ಗುದ್ದಿದ್ದು. ಅದನ್ನು ಉಜ್ಜಿ ತೆಗೆಯಬಾರದು, ಅದು ಅದರ ಚರಿತ್ರೆ ಅಲ್ವಾ?"

ಒಂದು ರಜೆಯಲ್ಲಿ ಅಪ್ಪ ನಮ್ಮ ಮನೆಯ ಎದುರು ಬಾಗಿಲಿಗೂ ದೋಣಿಯ ಕ್ರಮದಲ್ಲೇ ವಾರ್ನಿಶ್ ಹಚ್ಚಿದರು. ದಿನಕ್ಕೊಂದು ಕೋಟು. ಒಣಗಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡಿ, ಮತ್ತೊಂದು. ಕೊನೆಯ ಕೋಟು ಹಸಿಯಿರುವಾಗ, ನನ್ನದೂ ಒಂದು ಗುರುತಿರಲಿ ಎಂದು ಅಂಗೈ ಒತ್ತಿಬಿಟ್ಟೆ. ಮರುದಿನ ದುಬೈಗೆ ಹೊರಟ ಅಪ್ಪ ಅದನ್ನು ನೋಡಿ, ಗಡಿಯಾರ ನೋಡಿ, ಟ್ಯಾಕ್ಸಿ ಹತ್ತಿದರು.

ಎರಡು ವರ್ಷ ಆ ಐದು ಬೆರಳು ಬಾಗಿಲಲ್ಲಿದ್ದವು. ಮನೆಗೆ ಬಂದವರಿಗೆಲ್ಲ ತೋರಿಸಿದೆ. ಅಪ್ಪ ಮತ್ತೆ ಬಂದರು. ಬ್ಯಾಗು ಇಳಿಸಿ, ಚಾ ಕುಡಿದು, "ಎಂತ ಗಲೀಜು ಮಾಡಿಟ್ಟಿದ್ದಿ ಮಾರಾಯ್ತಿ" ಎಂದು ಮೊದಲು ಅದನ್ನೇ ಉಜ್ಜಿ ತೆಗೆದರು.

ಆಮೇಲೆ ಮತ್ತೊಂದು ಕೋಟು ಕಂಡ ಆ ಬಾಗಿಲು ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಊರಿಗೆ ಹೋದಾಗಲೆಲ್ಲ ಕಣ್ಣು ಮುಚ್ಚಿ ಸವರುತ್ತೇನೆ. ಕೈಗೆ ಏನೂ ತಾಗುವುದಿಲ್ಲ.