ಅಕ್ಕಾರು ಒಡೆಯದ ಕಾಯಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಬೂದುಬಣ್ಣಕ್ಕಿರುತ್ತಿತ್ತು. ಕಲ್ಲಿನ ಪುಡಿ ಉಗುರಿನ ಸಂದಿಗೆ ಇಳಿದು ಕೂತಿತ್ತು. ಬೋರ್ ಕೊರೆದಾಗ ಬರುವ ಪುಡಿಯನ್ನು ಆ ಎರಡು ಬೆರಳಲ್ಲಿ ತಿಕ್ಕಿ, ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಹೇಳುತ್ತಿದ್ದರು: "ಕರಿಗಲ್ಲು ಮುಗದೈತಿ ತಮ್ಮಾ. ಕೆಂಪು ಪದರ ಬಂತು. ಇದರ ಕೆಳಗ ನೀರು ಬಿದ್ದಿರಬೇಕು."

ಭೂವಿಜ್ಞಾನ ಓದಿ ನಮ್ಮ ಕಡೆ ನೀರಿನ ಪಾಯಿಂಟ್ ಗುರುತಿಸಲು ಬಂದ ಮೊದಲ ಹೆಣ್ಣುಮಗಳು ಅವರು. ನಾನು ಏಳನೆಯದಕ್ಕೆ ಸಾಲಿ ಬಿಟ್ಟು, ಬೋರ್ ಗಾಡಿಯಲ್ಲಿ ರಾಡು ಹೊತ್ತವನು. ನಾವೆಲ್ಲ ಅವರಿಗೆ ಅಕ್ಕಾರು ಎನ್ನುತ್ತಿದ್ದೆವು.

"ಮುಟ್ಟಿದ್ರ ಸಾಕು, ಹೆಂಗ ತಿಳೀತೈತ್ರಿ ನಿಮಗ?" ಎಂದು ಒಮ್ಮೆ ಕೇಳಿದೆ.

"ಕಾಲೇಜಿನಾಗ ಹುಡುಗರನ್ನ ಗುಡ್ಡಕ್ಕ ಕರಕೊಂಡು ಹೋಗ್ತಿದ್ರು. ಹೆಣ್ಣಹುಡುಗಿ ಬ್ಯಾಡ ಅಂತ ನನ್ನ ಕಲ್ಲಿನ ಪೆಟಿಗಿ ಮುಂದ ಕೂಡಸ್ತಿದ್ರು. ಮುಟ್ಟಿ ಮುಟ್ಟಿ ಬೆರಳಿಗೆ ಕಣ್ಣು ಬಂದಾವ ನೋಡು," ಎಂದು ನಕ್ಕರು.

ಅಷ್ಟಿದ್ದರೂ, ತಾವೇ ತೋರಿಸಿದ ನೀರು ಚಿಮ್ಮುವುದನ್ನು ಅವರು ಕಂಡಿರಲಿಲ್ಲ. ಕಾಯಿ ಒಡೆದು ಗಾಡಿ ಚಾಲೂ ಮಾಡುವಾಗ ಹೆಣ್ಣುಮಕ್ಕಳು ಅಲ್ಲಿ ನಿಲ್ಲಬಾರದೆಂದು ರೂಢಿ. ಅವರು ಹೊಲದಲ್ಲಿ ತಂತಿ ಎಳೆದು, ಮಷೀನು ನೋಡಿ, ಒಂದು ಕಲ್ಲಿಟ್ಟು ಹೊರಡಬೇಕು. ಆಮೇಲೆ ಬೇವಿನ ಕಡ್ಡಿ ಹಿಡಿದು ನೀರು ನೋಡುವ ಮುತ್ಯಾ ಬರುತ್ತಿದ್ದ. ಹೊಲವೆಲ್ಲ ಸುತ್ತಿ ಸರಿಯಾಗಿ ಅದೇ ಕಲ್ಲಿನ ಹತ್ತಿರ ನಿಲ್ಲುತ್ತಿದ್ದ. ನೀರು ಬಿದ್ದರೆ ಶಾಲು ಅವನಿಗೆ. ಬೀಳದಿದ್ದರೆ ಬೈಗುಳ ಅಕ್ಕಾರಿಗೆ. ನಾನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಪುಡಿಯನ್ನು ಮರುದಿನ ತಿಕ್ಕಿ ನೋಡುವುದಷ್ಟೇ ಅವರ ಪಾಲು.

ಮಸೂತಿ ಎಂಬ ಊರಿನಲ್ಲಿ ಒಂದು ಸಲ ಅವರು ಹೊರಡಲಿಲ್ಲ. "ಇವತ್ತ ನೋಡೇ ಹೋಗ್ತೇನಿ," ಎಂದು ಬದುವಿನ ಮೇಲೆ ಕೂತರು. ಹೊಲದ ಗೌಡ ಬಂದ.

"ಏಳ್ರಿ ಬಾಯಾರ. ಹೆಣ್ಮಕ್ಳು ನಿಂತ್ರ ನೀರು ಹಿಂದ ಸರೀತೈತಿ."

"ಗೌಡ್ರ, ನಿಮ್ಮ ಮನಿಗೆ ನೀರು ಹೊರೂದು ಯಾರ್ರಿ?"

"ನಮ್ಮ ಹೆಣ್ಮಕ್ಳ."

"ಅವರ ಕೊಡದಾಗಿಂದ ಹಿಂದ ಸರಿಯಂಗಿಲ್ಲೇನ್ರಿ ಅದು?"

ನಾವೆಲ್ಲ ನಕ್ಕೆವು. ಗೌಡ ನಗಲಿಲ್ಲ. "ಗಾಡಿ ಬಂದ್ ಮಾಡ್ರಿ," ಎಂದ. ಅಕ್ಕಾರು ಎದ್ದು, ಸೀರೆಯ ಧೂಳು ಕೊಡವಿ, ಎರೆಹೊಲದಲ್ಲಿ ಒಬ್ಬರೇ ರಸ್ತೆತನಕ ನಡೆದರು. ಆ ಮಧ್ಯಾಹ್ನ ಅಲ್ಲಿ ಆಳೆತ್ತರ ನೀರು ಹಾರಿತು.

ದುಡಿದು ದುಡಿದು ಸ್ವಂತ ಗಾಡಿ ತಂದ ದಿನ ನಾನು ಪೇಢೆ ಹಿಡಿದು ಮೊದಲು ಹೋದದ್ದು ಅವರ ಮನೆಗೆ. ಕಾಯಿಲೆ ಬಿದ್ದು ಬಹಳ ಸೊರಗಿದ್ದರು.

"ಇನ್ನ ಗಾಡೀನೂ ನಂದು, ಮಾತೂ ನಂದು ಅಕ್ಕಾರ. ಸಾಲೋಟಗಿಯೊಳಗ ನೀವು ಕಲ್ಲಿಟ್ಟೀರಲ್ಲ, ಅಲ್ಲಿ ಕಾಯೀನೂ ನೀವ ಒಡೀಬೇಕು."

"ಹೊಲದವ್ರು ಒಪ್ತಾರೇನೋ?"

"ಒಪ್ಪದಿದ್ರ ಗಾಡಿ ಚಾಲೂ ಮಾಡಂಗಿಲ್ರಿ."

ತಮ್ಮ ಹೆಬ್ಬೆರಳು, ತೋರುಬೆರಳು ತಿಕ್ಕಿಕೊಂಡರು. "ಹಂಗಾದ್ರ ಹೊಸಾ ಸೀರಿ ಉಟ್ಕೊಂಡು ಬರ್ತೇನಿ ತಮ್ಮಾ. ಪೂರಾ ತೋಯಿಸ್ಕೋಬೇಕು."

ಆ ಹೊಸ ಸೀರೆ ಉಡಿಸಿಯೇ ಅವರನ್ನು ಮಣ್ಣು ಮಾಡಿದರು.

ಸಾಲೋಟಗಿಯಲ್ಲಿ ನಾನು ಹಟ ಹಿಡಿದು ಆ ಹೊಲದವರ ಮನೆಯ ಸೊಸೆಯ ಕೈಯಿಂದ ಕಾಯಿ ಒಡೆಸಿದೆ. ಕೆಂಪು ಪುಡಿ ಬಂತು. ಎಂದಿನಂತೆ ಒಂದು ಹಿಡಿ ತುಂಬಿ ಚೀಲದ ಬಾಯಿಗೆ ಗಂಟು ಹಾಕಿದೆ. ಹಾಕಿದ ಮೇಲೆ ನೆನಪಾಯಿತು, ತಿಕ್ಕಿ ನೋಡುವವರು ಈಗಿಲ್ಲ. ಅಷ್ಟರಲ್ಲಿ ನೀರು ಹಾರಿತು. ಎಲ್ಲರೂ ಕೂಗಿ ಕುಣಿದರು. ನಾನು ನೀರಿಗೇ ಮುಖ ಕೊಟ್ಟು ನಿಂತೆ, ಅಳುವುದು ಯಾರಿಗೂ ಕಾಣಬಾರದೆಂದು.

ಅಕ್ಕಾರಿಗೆಂದು ತಂದಿದ್ದ ಕಾಯಿ ಇನ್ನೂ ನನ್ನ ಗಾಡಿಯ ಕ್ಯಾಬಿನ್ನಿನಲ್ಲಿದೆ. ಗಾಡಿ ಕುಲುಕಿದಾಗೆಲ್ಲ ಒಳಗೆ ಒಣಕೊಬ್ಬರಿ ಗಡಗಡ ಎನ್ನುತ್ತದೆ. ನೀರು ಎಂದೋ ಇಂಗಿ ಹೋಗಿದೆ.