ಮಲಾವಿಗೆ ಹೋದವಳ ಅವ್ವ

ಸುಧಾ ತನ್ನ ಅವ್ವನನ್ನು ನಮ್ಮ ಮನೆಯಲ್ಲಿ ಬಿಟ್ಟು ಆಫ್ರಿಕಾಕ್ಕೆ ಹೊರಟುಹೋದಳು. ಮಗಳ ಜೊತೆ ಆರು ತಿಂಗಳು ಇರೋಣ ಅಂತ ಧಾರವಾಡದಿಂದ ಹ್ಯೂಸ್ಟನ್‌ಗೆ ಬಂದಿಳಿದ ಅವ್ವನನ್ನು! ಯಾರಾದರೂ ಹೀಗೆ ಮಾಡುತ್ತಾರಾ?

ಸುಧಾ ಮಾಡುತ್ತಾಳೆ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು, ಈಗ ಹ್ಯೂಸ್ಟನ್‌ನಲ್ಲಿ ಮಕ್ಕಳ ಡಾಕ್ಟರ್. ಕ್ಲಿನಿಕ್ ಇಟ್ಟವಳಲ್ಲ, ರಿಸರ್ಚ್ ಮಾಡುವವಳು. ಮಲೇರಿಯಾ ಮಿದುಳಿಗೇರಿದ ಮಕ್ಕಳಲ್ಲಿ ಕೆಲವರು ಎದ್ದು ಕೂರುತ್ತಾರೆ, ಕೆಲವರು ಏಳುವುದೇ ಇಲ್ಲ. ಯಾಕೆ? ಅದನ್ನು ಹುಡುಕಲು ಪ್ರತಿವರ್ಷ ಮಲಾವಿ ದೇಶದ ಒಂದು ಆಸ್ಪತ್ರೆಗೆ ಹೋಗುತ್ತಾಳೆ. ಜ್ವರ ಹೆಚ್ಚುವುದು ಮಳೆಗಾಲದಲ್ಲಿ. (ಅಲ್ಲಿ ಮಳೆಗಾಲ ನಮ್ಮ ಸಂಕ್ರಾಂತಿಯ ಹೊತ್ತಿಗೆ.) ಅವ್ವನಿಗೆ ವೀಸಾ ಸಿಕ್ಕಿದ್ದೂ ಆಗಲೇ. "ಸ್ವಲ್ಪ ದಿನ ನೋಡ್ಕೋತೀಯೇನ?" ಅಂತ ಕೇಳಿ, ಹ್ಯೂಸ್ಟನ್‌ನಿಂದ ನಾಲ್ಕು ಗಂಟೆ ದಾರಿಯ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಕರೆತಂದು ಬಿಟ್ಟಳು.

ಅವ್ವ ಬಂದ ದಿನದಿಂದ ಒಂದೇ ರಾಗ.

"ಇಲ್ಲಿ ಹುಡುಗೂರಿಗೆ ಜ್ವರಾ ಬರೂದಿಲ್ಲೇನವಾ? ಅಷ್ಟ ದೂರ ಹೋಗಬೇಕೇನ?"

"ಅಲ್ಲಿ ಡಾಕ್ಟ್ರುಗಳು ಕಮ್ಮಿ, ಅವ್ವಾ."

"ನನಗೂ ಮಗಳು ಒಬ್ಬಾಕಿನ ಇದ್ದಾಳ."



ಹತ್ತಿರದ ಇರ್ವಿಂಗ್‌ನ ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ಕಣ್ಣು ಮುಚ್ಚಿ ಜೋರಾಗಿಯೇ ಬೇಡಿಕೊಳ್ಳುವುದು: "ಆಕಿಗೆ ಬುದ್ಧಿ ಕೊಡಪಾ, ತಿರುಗಿ ಕರಕೊಂಡು ಬಾ." ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗಳಲ್ಲಿ ಯಾರಾದರೂ "ಮಗಳು ಪ್ರಾಕ್ಟೀಸ್ ಮಾಡಲ್ವಾ ಆಂಟಿ?" ಅಂದರೆ ಸಾಕು, "ನೀವರ ಹೇಳ್ರಿ ಆಕಿಗೆ" ಅಂತ ಅವರನ್ನೂ ತನ್ನ ಪಾರ್ಟಿಗೆ ಸೇರಿಸಿಕೊಳ್ಳುವುದು. ನನ್ನ ಏಳು ವರ್ಷದ ಮಗಳು ಮೇಘನಾ ಮಾತ್ರ ವಿರೋಧ ಪಕ್ಷ. "ಬಟ್ ಅಜ್ಜಿ, ದೋಸ್ ಕಿಡ್ಸ್ ಆರ್ ಸಿಕ್!" ಅಜ್ಜಿಗೆ ಇಂಗ್ಲಿಷ್ ಬಾರದು. ಅಥವಾ ಆ ಒಂದು ವಾಕ್ಯ ಮಾತ್ರ ಬಾರದು.

ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಅವ್ವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್‌ಫೋನೇ ಗತಿ. ನಾನು ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಿದ್ದೆ.

ಸುಧಾ ಅಳುತ್ತಿದ್ದಳು. ಹಾಸ್ಟೆಲ್‌ನಲ್ಲಿ ಒಮ್ಮೆಯೂ ಅತ್ತವಳಲ್ಲ.

ವಾರ್ಡಿನಲ್ಲಿ ಒಂದು ಪುಟ್ಟ ಹುಡುಗಿ. ಹಿಂದಿನ ದಿನ ಕಣ್ಣು ಬಿಟ್ಟು, ಗಂಜಿ ಕುಡಿದು, ಸುಧಾಳ ಸ್ಟೆತಸ್ಕೋಪ್ ಹಿಡಿದು ಎಳೆದಿದ್ದಳಂತೆ. ಬೆಳಗ್ಗೆ ಮತ್ತೆ ಫಿಟ್ಸ್ ಬಂದು ಹೋಗಿಬಿಟ್ಟಳು.

"ನನ್ನ ಕೈಲೆ ಆಗೂದಿಲ್ಲವಾ. ಎಲ್ಲಾ ಬಿಟ್ಟು ಬಂದುಬಿಡ್ತೇನಿ. ಈ ವಾರನ ಬರ್ತೇನಿ."

ನನ್ನ ಚಾಕು ನಿಂತಿತು. ಅವ್ವ ಇಷ್ಟು ದಿನ ದೇವರ ಹತ್ತಿರ ಬೇಡಿದ್ದು ಇದೇ ತಾನೆ?

ಅವ್ವ ಕೇಳಿದ್ದು ಬೇರೆ.

"ಆ ಕೂಸಿನ ಹೆಸರೇನಿತ್ತ?"

"ಚಿಕೊಂಡಿ."

ಅವ್ವ ಆ ಹೆಸರನ್ನು ಮೆಲ್ಲಗೆ ಒಂದು ಸಲ ಹೇಳಿಕೊಂಡರು. ಆಮೇಲೆ, "ಬಾಜೂದ ಹಾಸಗ್ಯಾಗ ಯಾರಿದ್ದಾರ?"

"ಒಬ್ಬ ಸಣ್ಣ ಹುಡುಗ. ಇನ್ನೂ ಎಚ್ಚರಾಗಿಲ್ಲ."

"ಅವನ ಅವ್ವ?"

"ಅಲ್ಲೇ ನೆಲದ ಮ್ಯಾಲ ಕೂತಾಳ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ದನಿ ಮಾತ್ರ ಗಟ್ಟಿಯಾಗೇ ಇತ್ತು. "ಆಕಿ ನಿನ್ನ ಹಾದಿ ನೋಡತಿರ್ತಾಳ. ಈಗ ಬರಬ್ಯಾಡ. ಮೊದಲ ಊಟಾ ಮಾಡು, ಮುಖಾ ತೊಳಕೊ, ಆ ಹುಡುಗನ್ನ ನೋಡ ಹೋಗು."

ಫೋನ್ ಇಟ್ಟ ಮೇಲೆ ಅವ್ವ ಸೋಫಾದಲ್ಲಿ ಕುಸಿದು ಕುಳಿತರು. "ತಾನಾಗೆ ಬರ್ತೇನಿ ಅಂದ್ಳು. ನಾನ ಬ್ಯಾಡ ಅಂದ್ನಲ್ಲ!" ಅಂತ ಬಿಕ್ಕಿದರು. ನಾನು ಪಕ್ಕದಲ್ಲಿ ಕುಳಿತೆ. ಮೇಘನಾ ಬಂದು ಅಜ್ಜಿಯ ತೊಡೆ ಏರಿದಳು.

ಎರಡು ದಿನದ ನಂತರ ಮತ್ತೆ ಫೋನ್. ಆ ಹುಡುಗ ಎಚ್ಚರಗೊಂಡು ಬಿಸ್ಕತ್ತಿಗೆ ಗಲಾಟೆ ಮಾಡುತ್ತಿದ್ದನಂತೆ. ಸುಧಾ ಮಳೆಗಾಲ ಮುಗಿಸಿಯೇ ಬಂದಳು.

ಮೇ ತಿಂಗಳಲ್ಲಿ ಆಸ್ಟಿನ್‌ನ ಸ್ನೇಹಿತರ ಮನೆಯ ಉಪನಯನದಲ್ಲಿ ತಾಯಿ ಮಗಳ ಭೇಟಿ. ಅವ್ವ ಮಗಳ ಕೆನ್ನೆ ಹಿಡಿದು, "ಎಷ್ಟ ಸೊರಗೀಯಲ್ಲ! ಸಾಕಿನ್ನ ಆಫ್ರಿಕಾ" ಅಂತ ಶುರುಮಾಡಿದರು. ಸುಧಾ ನನ್ನ ಕಡೆ ನೋಡಿ ನಕ್ಕಳು.

ಅವ್ವನನ್ನು ಸುಧಾಳ ಜೊತೆ ಕಳಿಸಿ ವಾಪಸ್ ಡ್ರೈವ್ ಮಾಡುವಾಗ ಹಿಂದಿನ ಸೀಟಿನಲ್ಲಿ ಮೇಘನಾ ನಿದ್ದೆ ಹೋಗಿದ್ದಳು. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದೆ. ಮುಂದೊಂದು ದಿನ ಇವಳು ಯಾವುದೋ ದೂರದ ಊರಿನಿಂದ ಅಳುತ್ತಾ ಫೋನ್ ಮಾಡಿದರೆ? ನಾನಂತೂ ಮರುಮಾತಿಲ್ಲದೆ ಅವಳಿಗೆ ವಾಪಸ್ ಬರುವ ಟಿಕೆಟ್ ಬುಕ್ ಮಾಡುತ್ತೇನೆ.

ನೀವಾದರೆ?