ಪ್ರಯೋಗಾಲಯದ ಕೋಟುಗಳ ಕೌದಿ

ಚಿಕ್ಕಮ್ಮ ಮನೆಗೆ ತಂದ ಕೋಟುಗಳಿಗೆ ಯಾವ ಧೂಳು ಅಂಟಿತ್ತೆಂದು ಅವಳ ಪ್ರಯೋಗಾಲಯವನ್ನು ನಡೆಸುವವರಿಗೆ ತಿಳಿದಿತ್ತು. ಅವರು ಹೇಳಲಿಲ್ಲ. ಆ ಕೋಟುಗಳಿಂದ ಹೊಲಿದ ಕೌದಿಯನ್ನು ನನ್ನ ಅಜ್ಜಿ ಏಳು ಚಳಿಗಾಲ ಹೊದ್ದಿದ್ದಾಳೆ. ಈಗ ಕೆಮ್ಮುತ್ತಾಳೆ, ಚಿಕ್ಕಮ್ಮ ಸಾಯುವ ಮೊದಲು ಕೆಮ್ಮಿದ ಹಾಗೆಯೇ.

ಮುಂಡಗೋಡದ ಕಾಡಂಚಿನ ನಮ್ಮ ಸಿದ್ದಿ ಕೇರಿಯಲ್ಲಿ ಹಳೆಯ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ. ಹರಿದದ್ದೆಲ್ಲ ಕೌದಿ ಸೇರುತ್ತದೆ. ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳಲ್ಲಿ ದುಡಿದು ಅಜ್ಜಿ ಓದಿಸಿದ ಕಿರಿಯ ಮಗಳು, ನನ್ನ ಈ ಚಿಕ್ಕಮ್ಮ, ದೂರದ ನಗರದಲ್ಲಿ ಭೌತವಿಜ್ಞಾನಿಯಾದಳು. ಸೂರ್ಯನೊಳಗೆ ನಡೆಯುವ ಪರಮಾಣು ಸಮ್ಮಿಲನವನ್ನು ರಿಯಾಕ್ಟರಿನೊಳಗೆ ನಡೆಸಿ, ಆ ಉರಿಯನ್ನು ಕಾಂತಬಲದಿಂದ ಹಿಡಿದಿಡುವುದು ಅವಳ ಕೆಲಸ. ಅದೇ ಉರಿಯನ್ನು ಹಿಂದಕ್ಕೆ ಚಿಮ್ಮಿಸಿ ನಕ್ಷತ್ರದಿಂದ ನಕ್ಷತ್ರಕ್ಕೆ ನೌಕೆ ನಡೆಸುವುದು ಅವಳ ಹಂಬಲ. ರಜೆಗೆ ಬರುವಾಗ, ಪ್ರಯೋಗಾಲಯ ಬಳಕೆಯಿಂದ ತೆಗೆದ ದಪ್ಪ ಹತ್ತಿಯ ಕೋಟುಗಳನ್ನು ಉಗ್ರಾಣದಿಂದ ಕೇಳಿ ತರುತ್ತಿದ್ದಳು. ಒಗೆದಿಟ್ಟವು ಎಂದು ಅವಳಿಗೆ ಹೇಳಿದ್ದರು. ಅವಳು ನಂಬಿದಳು.

ಅಂಥದೊಂದು ರಜೆಯಲ್ಲಿ, ಜಗಲಿಯ ಮೇಲೆ ಚಿಕ್ಕಮ್ಮನ ಪಕ್ಕ ಕೂತು ಅಜ್ಜಿ ನಮ್ಮ ರೂಢಿಯಂತೆ ಅಂಚಿನಿಂದ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತಿದ್ದಳು.

“ಸೂರ್ಯನ ಉರಿ ಅಂತಿ. ಯಾವ ಗಡಿಗ್ಯಾಗ ಇಡ್ತೀ ಅದನ್ನ?” ಎಂದು ಕೇಳಿದಳು.

“ಗಡಿಗಿಗೆ ತಾಗಿದ್ರ ಗಡಿಗಿನೂ ಕೆಡತೈತಿ, ಉರಿನೂ ಆರತೈತಿ ಅವ್ವಾ. ನೀ ಹೊಲದಂಗ ಸುತ್ತಲಿಂದ ಒತ್ತಿ ಹಿಡೀಬೇಕು. ಉರಿ ನಡಕ ನಿಂದರತೈತಿ.”

“ಅಷ್ಟು ದೂರ ಹೋಗಿ ಕೌದಿ ಕಲತು ಬಂದಿ ನೋಡು. ಇಲ್ಲೇ ಇದ್ದಿದ್ರ ನಾನ ಕಲಸ್ತಿದ್ನಿ.”

ಚಿಕ್ಕಮ್ಮ ನಕ್ಕಳು. ಅಜ್ಜಿ ಮುಂದಿನ ಕೋಟನ್ನು ಕೊಡವಿದಳು. ಬಿಸಿಲಲ್ಲಿ ಬೂದು ಬಣ್ಣದ ಸಣ್ಣ ಧೂಳು ಎದ್ದು, ಬಹಳ ಹೊತ್ತು ಕೆಳಗಿಳಿಯದೆ ನಿಂತಿತು. ಕೋಟಿನ ಇನ್ನೊಂದು ತುದಿಯನ್ನು ಹಿಡಿದಿದ್ದವಳು ನಾನು. ಈಗಲೂ ಕಿಟಕಿಯ ಬಿಸಿಲಲ್ಲಿ ಯಾವ ಧೂಳು ಕಂಡರೂ ಉಸಿರು ಬಿಗಿಹಿಡಿಯುತ್ತೇನೆ.

ಚಿಕ್ಕಮ್ಮನ ಸಾವಿನ ನಂತರ ಅವಳ ಸಹೋದ್ಯೋಗಿಯೊಬ್ಬರು ತಲೆ ತಗ್ಗಿಸಿ ಹೇಳಿದರು: ಅವು ರಿಯಾಕ್ಟರಿನ ಒಳಗೋಡೆಗೆ ಹಚ್ಚುವ ಬೆರಿಲಿಯಂ ಬಿಲ್ಲೆಗಳನ್ನು ಉಜ್ಜುವವರ ಕೋಟುಗಳಿರಬಹುದು. ಆ ಲೋಹದ ಧೂಳು ಉಸಿರಿಗೆ ಸೇರಿದರೆ ವರ್ಷಗಳ ಮೇಲೂ ಶ್ವಾಸಕೋಶ ಕೆಡುತ್ತದೆ. ‘ಇರಬಹುದು’ ಎಂಬ ಆ ಮಾತಿನೊಡನೆ ನಾವು ಬದುಕುತ್ತಿದ್ದೇವೆ. ಪ್ರಯೋಗಾಲಯಕ್ಕೆ ನಾನು ಬರೆದ ಎರಡು ಪತ್ರಗಳಿಗೂ ಉತ್ತರವಿಲ್ಲ.

ಕೌದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. ಬೆಳಗ್ಗೆ ಅದು ಮತ್ತೆ ಅಜ್ಜಿಯ ಹೆಗಲ ಮೇಲಿತ್ತು.

“ನನ್ನ ಮಗಳ ಕೈ ಮುಟ್ಟಿದ್ದು ಇದೊಂದ ಉಳದೈತಿ. ಇದ್ರಾಗ ವಿಷ ಐತಿ ಅಂತ ಕೊಟ್ಟವರ ಹೇಳಲಿ. ಬಿಡ್ತೇನಿ,” ಎಂದಳು.

ಆದ್ದರಿಂದ ಆ ಪ್ರಯೋಗಾಲಯದ ಆಡಳಿತವನ್ನು ವಿಧಿಪೂರ್ವಕವಾಗಿ ಕೇಳುತ್ತಿದ್ದೇನೆ. ಆ ಕೋಟುಗಳನ್ನು ಯಾವ ವಿಭಾಗದವರು ಧರಿಸಿದ್ದರು, ಒಗೆಯದೆ ಹೊರಗೆ ಬಿಟ್ಟವರು ಯಾರು ಎಂಬುದನ್ನು ದಾಖಲೆ ಸಹಿತ ತಿಳಿಸಿ. ಕೌದಿಯನ್ನೂ ಅಜ್ಜಿಯ ಶ್ವಾಸಕೋಶವನ್ನೂ ನಿಮ್ಮ ಖರ್ಚಿನಲ್ಲಿ ತಜ್ಞರಿಂದ ಪರೀಕ್ಷಿಸಿ. ಉತ್ತರವನ್ನು ಅಂಚೆಯಲ್ಲಿ ಕಳಿಸಬೇಡಿ. ಜವಾಬ್ದಾರರೊಬ್ಬರು ನಮ್ಮ ಜಗಲಿಗೆ ಬಂದು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಬೇಕು.